ಬಿಡಿಸಲು ಹೋದವಳನ್ನು ಹಿಡಿದವರು

ಜಗಳ ಬಿಡಿಸುವುದರಲ್ಲಿ ನಾನು ಎತ್ತಿದ ಕೈ. ಇದು ನಾನೇ ಹೇಳಿಕೊಳ್ಳುವ ಮಾತಲ್ಲ. ತಿಯಾನ್‌ಜಿನ್‌ನಲ್ಲಿ ಹೈ ನದಿಯ ದಂಡೆಗೆ ಬಂದು ಟೋಂಗ್ ಅಕ್ಕ ಯಾರು ಎಂದು ಕೇಳಿದರೆ ಮೀನು ಹಿಡಿಯುವವರೂ ಬೆರಳು ಮಾಡಿ ತೋರಿಸುತ್ತಾರೆ. ಹತ್ತಿಗಿರಣಿಯಲ್ಲಿ ಕೆಲಸಕ್ಕಿದ್ದಾಗ ಪೈಲ್ವಾನರಂಥ ಗಂಡಸರನ್ನು ಹಿಂದಿನಿಂದ ತಬ್ಬಿ, ಎತ್ತಿ, ಆಚೆ ಇಟ್ಟಿದ್ದೇನೆ. ನಾನು ಹಿಡಿದ ಮೇಲೂ ಕೈ ಬೀಸಿದವನು ಒಬ್ಬನೂ ಇಲ್ಲ.

ನಮ್ಮೂರಿನ ಬೀದಿ ಜಗಳಕ್ಕೆ ಒಂದು ಕ್ರಮವಿದೆ. ಮೊದಲು ಬಾಯಿ ನಡೆಯುತ್ತದೆ. ಅದು ಎಷ್ಟು ಹೊತ್ತಾದರೂ ನಡೆಯಬಹುದು, ಕೇಳುವವರಿಗೂ ಚೆನ್ನಾಗಿರುತ್ತದೆ. ಆಮೇಲೆ ಒಬ್ಬ ಅಂಗಿಯ ತೋಳು ಮಡಿಸಿ, "ನನ್ನನ್ನ ಯಾರೂ ಹಿಡೀಬೇಡಿ" ಎಂದು ಸುತ್ತಲೂ ನೋಡುತ್ತಾನೆ. ಬೇಗ ಬಂದು ಹಿಡಿದುಕೊಳ್ಳಿ ಎಂದು ಅವನು ಬೇಡಿಕೊಳ್ಳುವ ರೀತಿ ಅದು. ಆಗ ನನ್ನಂಥವಳು ಹಿಂದಿನಿಂದ ಹೋಗಿ, ಕಂಕುಳ ಕೆಳಗೆ ಕೈ ತೂರಿಸಿ, ಎದೆಯ ಮೇಲೆ ಬೆರಳು ಹೆಣೆದು, "ನನ್ನ ಮುಖ ನೋಡಿ ಬಿಟ್ಟುಬಿಡಪ್ಪ" ಎನ್ನಬೇಕು. ಅವನು ಶಾಸ್ತ್ರಕ್ಕೆ ಸ್ವಲ್ಪ ಕೊಸರಾಡುತ್ತಾನೆ. "ಈ ಅಕ್ಕ ಅಡ್ಡ ಬರದೇ ಇದ್ದಿದ್ರೆ ಇವತ್ತು ನಿನ್ನ ಕಥೆ ಮುಗೀತಿತ್ತು" ಎನ್ನುತ್ತಾನೆ. ಇಬ್ಬರ ಮಾನವೂ ಉಳಿಯುತ್ತದೆ, ಇಬ್ಬರೂ ಊಟದ ಹೊತ್ತಿಗೆ ಮನೆ ಸೇರುತ್ತಾರೆ. ಹಿಡಿಯುವವರು ಬಂದೇ ಬರುತ್ತಾರೆಂಬ ಧೈರ್ಯದ ಮೇಲೆಯೇ ನಮ್ಮೂರ ಗಂಡಸರು ಕೈ ಎತ್ತುವುದು.

ಈಚೆಗೆ ಹಿಡಿಯುವವರೇ ಇಲ್ಲವಾದರು. ಬಿದ್ದವರನ್ನು ಎತ್ತಿದವನ ಮೇಲೇ ಕೇಸು ಬಿತ್ತಂತೆ, ಜಗಳ ಬಿಡಿಸಿದವನೇ ಆಸ್ಪತ್ರೆ ಖರ್ಚು ಕೊಡಬೇಕಾಯಿತಂತೆ ಎಂಬ ಕಥೆ ಎಲ್ಲರ ಬಾಯಲ್ಲೂ ಇದೆ. ಯಾರಿಗಾಯಿತು ಎಂದು ಕೇಳಿದರೆ ಷಡ್ಡಕನ ಪಕ್ಕದ ಮನೆಯವನಿಗೆ ಎನ್ನುತ್ತಾರೆ. ಆ ಪಕ್ಕದ ಮನೆಯವನನ್ನು ಕಂಡವರನ್ನು ನಾನು ಇದುವರೆಗೆ ಕಂಡಿಲ್ಲ. ನನ್ನ ಗಂಡ ಗೆಂಗ್ ಅಂತೂ ಇಂಥ ಕಥೆಗಳನ್ನು ರಕ್ತದೊತ್ತಡದ ಮಾತ್ರೆಯ ಜೊತೆಗೇ ದಿನವೂ ನುಂಗುತ್ತಾನೆ. ಅಮ್ಮನ ಸೊಂಟದ ಮೂಳೆಗೆ ವಯಸ್ಸಾಯಿತು, ಅವಳನ್ನು ಬೀದಿ ಜಗಳಕ್ಕೆ ಬಿಡಬೇಡ ಎಂದು ಮಗಳು ಫೋನಿನಲ್ಲಿ ಹೇಳಿದ್ದೇ ತಡ, ಅವನು ಮಾತು ಕೊಟ್ಟುಬಿಟ್ಟ.

"ಆ ಜವಾಬ್ದಾರಿ ನಂದು ಮಗಳೇ," ಎಂದ.

ಮದುವೆಯಾದಂದಿನಿಂದ ಅವನು ತಾನಾಗಿ ಮೈಮೇಲೆ ಹಾಕಿಕೊಂಡ ಮೊದಲ ಜವಾಬ್ದಾರಿ ಅದು. ಹಾಗಾಗಿ ಅದನ್ನು ಬಹಳ ನಿಷ್ಠೆಯಿಂದ ನಡೆಸುತ್ತಿದ್ದ.

ಸೇತುವೆಯ ಕೆಳಗಿನ ಕಲ್ಲುಮೇಜಿನಲ್ಲಿ ಮಧ್ಯಾಹ್ನದ ಚದುರಂಗ ನಡೆಯುತ್ತದೆ. ಆಡುವವರು ಇಬ್ಬರಾದರೆ ನೋಡುವವರು ಒಂದು ಮದುವೆಗಾಗುವಷ್ಟು ಜನ. ಸೋತಾಗ ಅಳುವವರೂ ನೋಡುವವರೇ. ಅಲ್ಲಿನ ಯಜಮಾನ ಪಾಂಗ್ ಮುದುಕ. ಒಂದು ಕಾಲದಲ್ಲಿ ಬಸ್ಸಿನ ಕಂಡಕ್ಟರನಾಗಿದ್ದವನು, ಈಗಲೂ ಎಲ್ಲರನ್ನೂ ಒಳಗೆ ಸರಿಯಿರಿ ಎಂದು ಗದರುತ್ತಾನೆ. ಕೆಲವು ವರ್ಷಗಳ ಹಿಂದೆ ನೋಡುತ್ತಿದ್ದವನೊಬ್ಬ ತಾಳಲಾರದೆ ಕೈ ಹಾಕಿ ಯಾರದೋ ಕುದುರೆ ನಡೆಸಿಬಿಟ್ಟ. ದೊಡ್ಡ ರಂಪವಾಯಿತು, ರಥವೊಂದು ನದಿಗೆ ಬಿತ್ತು. ಅಂದಿನಿಂದ ಪಾಂಗ್ ಒಂದು ಕಟ್ಟಳೆ ಮಾಡಿದ. ನೋಡುವವರು ಬಾಯಿ ಆಡಿಸಬಹುದು, ಕೈ ಆಡಿಸಬಾರದು. ಹೋದ ರಥದ ಜಾಗದಲ್ಲಿ ಇವತ್ತಿಗೂ ಸೀಸೆಯ ಮುಚ್ಚಳ ಇಟ್ಟು ಆಡುತ್ತಾರೆ. ಕಟ್ಟಳೆಯನ್ನು ಮಾತ್ರ ಯಾರೂ ಮುರಿದಿಲ್ಲ.

ಆ ದಿನ ಶರತ್ಕಾಲದ ಹಿತವಾದ ಬಿಸಿಲಿತ್ತು. ಗೆಂಗ್‌ಗೆ ಚಹಾದ ಸೀಸೆ ಕೊಟ್ಟು ಹೋಗಲು ಬಂದ ನಾನು ಹೆಸರುಹಿಟ್ಟಿನ ದೋಸೆ ಸುತ್ತಿಸಿಕೊಂಡು ತಿನ್ನುತ್ತಾ ನಿಂತೆ. ದಂಡೆಯ ಮೆಟ್ಟಿಲ ಮೇಲೆ ದಡೂತಿ ಮನುಷ್ಯನೊಬ್ಬ ಗಾಳ ಹಾಕಿ ಕೂತಿದ್ದ. ಚ್ವೇ ಎಂದು ಅವನ ಹೆಸರು, ಅದು ಆಮೇಲೆ ಠಾಣೆಯಲ್ಲಿ ತಿಳಿದದ್ದು. ಬೆಳಗಿನಿಂದ ಅವನ ಬಕೆಟ್ಟಿಗೆ ಬಿದ್ದದ್ದು ಹೆಬ್ಬೆರಳಿನಷ್ಟು ಒಂದು ಮೀನು. ನಮ್ಮವರು ಬಂದಾಗಿನಿಂದ ಅದನ್ನೇ ಆಡಿಕೊಂಡು ನಗುತ್ತಿದ್ದರು. ಒಬ್ಬ ಆ ಮೀನಿಗೆ ಹೆಸರಿಟ್ಟಿದ್ದ. ಇನ್ನೊಬ್ಬ ಅದನ್ನು ಶಾಲೆಗೆ ಸೇರಿಸಿದಿರಾ ಎಂದು ವಿಚಾರಿಸಿದ್ದ. ಚ್ವೇ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು ನೀರು ನೋಡುತ್ತಿದ್ದ.

ಆಗ ಕನ್ನಡಕದ ಸಣಕಲ ದಾರಿಹೋಕನೊಬ್ಬ ಬಂದ. ಬಲಗೆನ್ನೆ ಮೊದಲೇ ಬನ್ನಿನಂತೆ ಊದಿಕೊಂಡಿತ್ತು. ಫಾನ್ ಎಂಬ ಈ ಮನುಷ್ಯ ಬೇರೆ ಊರಿನವನು, ಹಲ್ಲಿನ ಆಸ್ಪತ್ರೆಗೆ ದಾರಿ ಹುಡುಕಿಕೊಂಡು ಹೊರಟವನು. ದಾರಿ ಕೇಳಿ ಸುಮ್ಮನೆ ಹೋಗಬಾರದೇ? ಬಕೆಟ್ಟಿನೊಳಗೆ ಇಣುಕಿ, "ಇಷ್ಟೇನಾ?" ಎಂದ.

ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಮೇಜಿನ ಸುತ್ತ ಇದ್ದವರೆಲ್ಲ ಗೊಳ್ಳೆಂದು ನಕ್ಕರು. ಚ್ವೇ ಗಾಳ ಕೆಳಗಿಟ್ಟು ಎದ್ದ. ತೋಳು ಮಡಿಸಿದ. ಒಂದು ಕೈಯಲ್ಲಿ ಫಾನ್‌ನ ಕೊರಳಪಟ್ಟಿ ಹಿಡಿದು ಇನ್ನೊಂದನ್ನು ಮೇಲಕ್ಕೆತ್ತಿದ.

"ನನ್ನನ್ನ ಯಾರೂ ಹಿಡೀಬೇಡಿ," ಎಂದು ಸುತ್ತ ನೋಡಿದ.

ಯಾರೂ ಹಿಡಿಯಲಿಲ್ಲ.

ಅವನು ಸ್ವಲ್ಪ ಕಾದ. ಎತ್ತಿದ ಕೈ ಹಾಗೇ ಇತ್ತು. "ಹೇಳ್ತಾ ಇದೀನಿ, ಅಡ್ಡ ಬಂದ್ರೆ ಚೆನ್ನಾಗಿರಲ್ಲ," ಎಂದು ಇನ್ನೊಮ್ಮೆ, ಈ ಸಲ ಕೊಂಚ ಗಟ್ಟಿಯಾಗಿ, ಹಿಡಿಯಲು ಬರುವವರಿಗೆ ದಾರಿ ಸಿಗಲೆಂದು ಪಕ್ಕಕ್ಕೂ ಸರಿದು ಹೇಳಿದ. ಎಲ್ಲರೂ ಜೇಬಿನಿಂದ ಫೋನು ತೆಗೆದರು. ಅಷ್ಟು ಫೋನುಗಳ ಎದುರಿಗೆ, ಎತ್ತಿದ ಕೈಯನ್ನು ತಾನಾಗಿ ಇಳಿಸಿದರೆ ಆ ಮನುಷ್ಯ ನಾಳೆಯಿಂದ ಈ ದಂಡೆಗೆ ಗಾಳ ಹಿಡಿದು ಬರುವುದು ಹೇಗೆ? ಹೊಡೆದ.

ನಾನು ದೋಸೆ ಬಿಸಾಡಿ ಹೊರಟೆ. ಹೆಚ್ಚು ದೂರವೇನಲ್ಲ, ಮೇಜು ದಾಟಿ ಮೆಟ್ಟಿಲಿಳಿದರೆ ಆಯಿತು. ಗೆಂಗ್ ಎಡಗೈ ಹಿಡಿದುಕೊಂಡ.

"ಎಲ್ಲಿಗೆ?"

"ಇನ್ನೆಲ್ಲಿಗೆ? ಕೈ ಬಿಡು."

"ಮಗಳಿಗೆ ಮಾತು ಕೊಟ್ಟಿದೀನಿ."

"ನೀನು ಕೊಟ್ಟಿದ್ದೀಯ, ನಾನು ಕೊಟ್ಟಿಲ್ಲ."

ಅಷ್ಟರಲ್ಲಿ ಪಾಂಗ್ ಬಲಗೈ ಹಿಡಿದ. "ಟೋಂಗ್ ಅಕ್ಕ, ನೋಡೋರು ಕೈ ಆಡಿಸೋ ಹಾಗಿಲ್ಲ. ಕಟ್ಟಳೆ ಗೊತ್ತಲ್ಲ."

"ಅದು ಚದುರಂಗಕ್ಕೆ ಕಣಯ್ಯ. ಅಲ್ಲಿ ಮನುಷ್ಯನಿಗೆ ಬೀಳ್ತಾ ಇದೆ."

"ಇವತ್ತು ಮನುಷ್ಯ ಅಂತ ಸಡಿಲ ಬಿಟ್ರೆ ನಾಳೆ ಕುದುರೆಗೂ ಕೈ ಹಾಕ್ತಾರೆ."

ಚದುರಂಗ ಬಿಟ್ಟು ಎಲ್ಲರೂ ಅತ್ತ ತಿರುಗಿದರು, ಆದರೆ ನಿಂತ ರೀತಿ ಬದಲಾಗಲಿಲ್ಲ. ಕೆಂಪು ಕಾಯಿಯ ಕಡೆಯವರು ಫಾನ್‌ನ ಪಕ್ಷ, ಕಪ್ಪಿನವರು ಚ್ವೇಯ ಪಕ್ಷ. ಸಲಹೆಗಳು ಶುರುವಾದವು.

"ಬಲಗಡೆ ಮುಚ್ಕೋ, ಬಲಗಡೆ."

"ಎದುರಿಗೇ ನಿಂತ್ರೆ ಇನ್ನೇನಾಗತ್ತೆ? ಹಿಂದೆ ಸರಿ."

"ಹಿಂದೆ ಮೆಟ್ಟಿಲಿದೆ," ಎಂದ ಫಾನ್, ಪಾಪ, ಕೇಳಿದ್ದಕ್ಕೆ ಉತ್ತರ ಕೊಡುವ ಸಭ್ಯಸ್ಥ.

"ಮೆಟ್ಟಿಲಿದ್ರೆ ಪಕ್ಕಕ್ಕೆ ಸರಿಯಪ್ಪ. ಅದನ್ನೂ ನಾವೇ ಹೇಳ್ಬೇಕಾ?"

ಸೂರ್ಯಕಾಂತಿ ಬೀಜ ಮಾರುವವಳು ಫೋನು ಎತ್ತಿ ಹಿಡಿದು ಎಲ್ಲರನ್ನೂ ಎಚ್ಚರಿಸಿದಳು. "ಯಾರೂ ಮುಟ್ಟೋಕೆ ಹೋಗ್ಬೇಡಿ. ಆ ಕೆನ್ನೆ ಮೊದಲೇ ಊದಿತ್ತು. ಈಗ ಮುಟ್ಟಿದವರ ತಲೆಗೆ ಕಟ್ತಾನೆ. ಏನಪ್ಪಾ ಎರಡನೇ ಅಣ್ಣ, ಆ ಊತ ಯಾವಾಗಿಂದ?"

ನಮ್ಮೂರಲ್ಲಿ ಗುರುತಿಲ್ಲದ ಗಂಡಸರೆಲ್ಲ ಎರಡನೇ ಅಣ್ಣಂದಿರೇ. ದೊಡ್ಡಣ್ಣ ಎಂದರೆ ಮಕ್ಕಳಾಗಲೆಂದು ಗುಡಿಯಿಂದ ತಂದು, ಹಿರಿಮಗನೆಂದು ಮನೆಯಲ್ಲಿ ಕೂರಿಸಿದ ಮಣ್ಣಿನ ಗೊಂಬೆ. ಬೇರೆ ಊರಿನ ಫಾನ್‌ಗೆ ಇದು ತಿಳಿಯದೆ, ಯಾರನ್ನು ಕೇಳಿದರೆಂದು ಸುತ್ತ ನೋಡಿ ಇನ್ನೊಂದು ಏಟು ತಿಂದ.

"ನಿನ್ನನ್ನೇ ಕಣಪ್ಪ."

"ಮೊನ್ನೆಯಿಂದ," ಎಂದ. "ಹಲ್ಲು ನೋವು."

"ಕೇಳಿಸ್ತಾ? ಅವನ ಬಾಯಿಂದಲೇ ಬಂತು. ರೆಕಾರ್ಡ್ ಆಯ್ತಲ್ಲ?"

ಆಯಿತು ಎಂದು ಹಲವರು ಹೇಳಿದರು. ಅಷ್ಟು ಮಾತ್ರದ ಊತ ತನ್ನ ಲೆಕ್ಕಕ್ಕಲ್ಲವೆಂದು ತಿಳಿದು ಚ್ವೇಯೂ ಕ್ಷಣ ನಿಂತು ಕೇಳಿಸಿಕೊಂಡ. ಅವನಿಗೆ ಏದುಸಿರು ಹತ್ತಿತ್ತು. ದಪ್ಪ ಮನುಷ್ಯ, ದಿನವಿಡೀ ಕೂತು ಮೀನಿಗೆ ಕಾಯುವವನಿಗೆ ಹೊಡೆದು ಅಭ್ಯಾಸವೆಲ್ಲಿ? "ನಾನು ಹೇಳ್ತಾನೇ ಇದೀನಿ, ಯಾರೂ ಹಿಡೀಬೇಡಿ ಅಂತ," ಎಂದ. ಈ ಸಲ ಅವನ ದನಿ ಅಳುವವನ ದನಿಯಂತಿತ್ತು.

"ಹಿಡೀತಿಲ್ಲ ಎರಡನೇ ಅಣ್ಣ, ನೀನು ನಿಶ್ಚಿಂತೆಯಿಂದಿರು," ಎಂದಳು ಬೀಜದವಳು.

ಅವನ ಕಣ್ಣು ಜನರ ಮೇಲೆ ಹರಿದು ನನ್ನ ಮೇಲೆ ನಿಂತಿತು. ನನಗೆ ಆ ಕಣ್ಣು ಗೊತ್ತು. ಗಿರಣಿಯ ಗೇಟಿನಲ್ಲಿ ಅಂಥವನ್ನು ಎಷ್ಟು ನೋಡಿಲ್ಲ. ಅಕ್ಕಾ, ಬೇಗ ಬಾ, ನನ್ನಿಂದ ಇನ್ನಾಗುವುದಿಲ್ಲ ಎನ್ನುತ್ತಿದ್ದವು ಆ ಕಣ್ಣುಗಳು. ಹೊಡೆಸಿಕೊಳ್ಳುತ್ತಿರುವವನಿಗಾಗಿ ಸಂಕಟ, ಹೊಡೆಯುತ್ತಿರುವವನಿಗಾಗಿಯೂ ಸಂಕಟ. ನಡುವೆ ನಿಂತು ನನಗೆ ಕೋಪ ನೆತ್ತಿಗೇರಿತು.

ಮೈಯೆಲ್ಲ ಕೊಡವಿಕೊಂಡು ನುಗ್ಗಿದೆ. ಗೆಂಗ್ ಮತ್ತು ಪಾಂಗ್ ಇಬ್ಬರನ್ನೂ ಎಳೆದುಕೊಂಡು ಮೇಜಿನ ಮೂಲೆಯವರೆಗೆ ಬಂದೆನೆಂದರೆ ನನ್ನ ಮೂಳೆ ಇನ್ನೂ ಗಟ್ಟಿಯಿದೆ ಎಂದೇ ಅರ್ಥ. ಆಗ ಉಳಿದವರೂ ಎಚ್ಚರಗೊಂಡರು. ಅಯ್ಯೋ, ಟೋಂಗ್ ಅಕ್ಕ ಹೋಗ್ತಾ ಇದಾಳೆ, ಹಿಡೀರಿ ಎಂದು ಆಡುತ್ತಿದ್ದವರು ಕಾಯಿ ಬಿಟ್ಟು ಬಂದರು. ಒಬ್ಬ ನನ್ನ ಕೊರಳುವಸ್ತ್ರ ಹಿಡಿದ, ಒಬ್ಬ ಸೊಂಟಕ್ಕೆ ಜೋತುಬಿದ್ದ, ಇನ್ನೊಬ್ಬ ಮುಂದೆ ನಿಂತು ಎರಡೂ ಅಂಗೈಯಿಂದ ನನ್ನ ಭುಜ ಒತ್ತಿದ. ಹಿಂದಿನಿಂದ ಕಂಕುಳ ಕೆಳಗೆ ಕೈ ತೂರಿ ಎದೆಯ ಮೇಲೆ ಬೆರಳು ಹೆಣೆದವನು ನನ್ನ ಗಂಡ. ನಾನೇ ಅವನಿಗೆ ಕಲಿಸಿದ ಪಟ್ಟು ಅದು.

"ನನ್ನ ಮುಖ ನೋಡಿ ಬಿಟ್ಟುಬಿಡಮ್ಮ," ಎಂದ ಪಾಂಗ್.

ಊರಲ್ಲಿ ಹಿಡಿಯುವ ಕೈಗಳೇ ಇಲ್ಲವಾದವೆಂದು ಗೊಣಗುತ್ತಿದ್ದೆನಲ್ಲ, ಎಲ್ಲವೂ ಅಲ್ಲೇ ಇದ್ದವು. ಎಲ್ಲವೂ ನನ್ನ ಮೈಮೇಲಿದ್ದವು. ಅದರಲ್ಲಿ ಒಂದು ಕೈ, ಬೇಡ, ಒಂದು ಬೆರಳು ಚ್ವೇಯ ಅಂಗಿಯನ್ನು ಮುಟ್ಟಿದ್ದರೆ ಸಾಕಿತ್ತು, ಅವನು ಅದಕ್ಕೇ ಕಾಯುತ್ತಿದ್ದ.

ಅಷ್ಟರಲ್ಲಿ ಫಾನ್ ಕೆಳಗೆ ಬಿದ್ದಿದ್ದ. ಕನ್ನಡಕ ಎಲ್ಲೋ ಹೋಗಿತ್ತು, ಬಾಯಿಂದ ರಕ್ತ ಬರುತ್ತಿತ್ತು. ಅವನ ತಲೆಯ ಪಕ್ಕದಲ್ಲಿ ದೋಣಿ ಕಟ್ಟುವ ಕಬ್ಬಿಣದ ಗೂಟ. ಇನ್ನೊಂದು ಏಟು ಬಿದ್ದರೆ ತಲೆ ಅದಕ್ಕೆ ಬಡಿಯುತ್ತಿತ್ತು, ಕಥೆ ಮುಗಿಯುತ್ತಿತ್ತು. ನನಗೆ ಅದು ಕಾಣುತ್ತಿತ್ತು. ಅಲ್ಲಿದ್ದ ಎಲ್ಲರಿಗೂ ಕಾಣುತ್ತಿತ್ತು. ಒಬ್ಬ "ಗೂಟ ನೋಡ್ಕೊಳಪ್ಪ" ಎಂದು ಹೇಳಿಯೂ ಹೇಳಿದ.

"ಸಾಯ್ತಾನೆ ಕಣ್ರೋ ಅವನು, ಬಿಡ್ರೋ ನನ್ನ," ಎಂದು ಬಾಯಿ ಬಡಿದುಕೊಂಡೆ. ಗೆಂಗ್ ನನ್ನ ಬಾಯಿ ಮುಚ್ಚಿದ. "ಕೂಗ್ಬೇಡ, ಸಾಕ್ಷಿಗೆ ಕರೀತಾರೆ," ಎಂದು ಕಿವಿಯಲ್ಲಿ ಹೇಳಿದ. ನಾನು ಮುಖ ಕೊಸರಿಕೊಂಡು ಸಿಕ್ಕ ಕೈಯನ್ನು ಕಚ್ಚಿದೆ. ಅದು ಪಾಂಗ್‌ನದು. ಅವನು ಅಪ್ಪಾ ಎಂದು ಕುಣಿದ, ಸೊಂಟಕ್ಕೆ ಜೋತಿದ್ದವನು ತೂಕ ತಪ್ಪಿ ಬಿದ್ದ, ಅವನ ಜೊತೆ ನಾನೂ ಬಿದ್ದೆ, ನನ್ನ ಮೇಲೆ ಉಳಿದವರೆಲ್ಲ ಬಿದ್ದರು.

ಫಾನ್ ಬಿದ್ದಲ್ಲಿಂದ ಚ್ವೇಯ ಕಾಲುಗಳ ನಡುವೆ ನಮ್ಮ ಕಡೆ ನೋಡಿದ. ಕನ್ನಡಕವಿಲ್ಲದ ಕಣ್ಣಿಗೆ ಏನು ಕಂಡಿರಬೇಕು ನೀವೇ ಯೋಚಿಸಿ. ಒಬ್ಬ ಹೆಂಗಸು ನೆಲದ ಮೇಲೆ. ಅವಳ ಮೇಲೆ ಗಂಡಸರ ಗುಂಪು, ಒಬ್ಬನ ಕೈ ಅವಳ ಬಾಯಿಯ ಮೇಲೆ. ಅವನು ಚ್ವೇಯ ಪ್ಯಾಂಟು ಹಿಡಿದು ಜಗ್ಗಿದ.

"ಅಣ್ಣ, ಒಂದು ನಿಮಿಷ."

ಚ್ವೇ ಇಂಥದ್ದೊಂದು ಮಾತಿಗೆ ಎಷ್ಟು ಹೊತ್ತಿಂದ ಕಾದಿದ್ದನೋ. ತಕ್ಷಣ ನಿಂತ. "ಏನು?"

"ಅಲ್ಲಿ ನೋಡು. ಯಾರೋ ಅಜ್ಜಿನ ಅಷ್ಟು ಜನ ಸೇರಿ ಹೊಡೀತಿದಾರೆ."

ಅಜ್ಜಿ ಎಂದದ್ದನ್ನು ನಾನು ಮನಸ್ಸಿಗೆ ಹಚ್ಚಿಕೊಂಡಿಲ್ಲ. ನಮ್ಮೂರಲ್ಲಿ ತೊಟ್ಟಿಲಿನಿಂದ ಚಟ್ಟದವರೆಗೆ ಹೆಣ್ಣೆಂದರೆ ಅಕ್ಕನೇ, ಆದರೆ ಅವನು ಬೇರೆ ಊರಿನವನು.

ಚ್ವೇ ತಿರುಗಿ ನೋಡಿದ. "ಇವರ ಮನೆ ಹಾಳಾಗ," ಎಂದ. ಫಾನ್‌ನನ್ನು ಕೊರಳಪಟ್ಟಿ ಹಿಡಿದೇ ಎಬ್ಬಿಸಿ ನಿಲ್ಲಿಸಿದ. "ಏಳು ಏಳು. ನನ್ನೊಬ್ಬನ ಕೈಲಿ ಆಗಲ್ಲ."

ಆಮೇಲೆ ನಡೆದದ್ದನ್ನು ಬದುಕಿರುವತನಕ ಮರೆಯಲಾರೆ. ಅದುವರೆಗೆ ಹೊಡೆಯುತ್ತಿದ್ದವನು, ಹೊಡೆಸಿಕೊಳ್ಳುತ್ತಿದ್ದವನು, ಇಬ್ಬರೂ ಹೆಗಲಿಗೆ ಹೆಗಲು ಕೊಟ್ಟು ಮೆಟ್ಟಿಲೇರಿ ಬಂದರು. ಚ್ವೇ ನನ್ನ ಮೇಲಿದ್ದವರನ್ನು ಬಕೆಟ್ಟಿನಿಂದ ಮೀನು ತೆಗೆದಿಟ್ಟಂತೆ ಒಬ್ಬೊಬ್ಬರನ್ನಾಗಿ ತೆಗೆದು ಆಚೆ ಇಟ್ಟ. ಫಾನ್ ರಕ್ತದ ಬಾಯಲ್ಲೇ ಗೆಂಗ್‌ನನ್ನು ಹಿಂದಿನಿಂದ ತಬ್ಬಿಕೊಂಡ. ಪಟ್ಟು ಗೊತ್ತಿಲ್ಲ ಪಾಪ, ತೋಳುಗಳ ಮೇಲಿನಿಂದ ತಬ್ಬಿದ್ದ, ಹಾಗೆ ತಬ್ಬಿದರೆ ಎಂಥವನೂ ಜಾರುತ್ತಾನೆ. ಆದರೂ ಬಿಡಲಿಲ್ಲ.

"ದೊಡ್ಡಣ್ಣ, ವಯಸ್ಸಾದವರು, ಬಿಟ್ಟುಬಿಡಿ," ಎನ್ನುತ್ತಿದ್ದ.

"ಯಾರನ್ನೋ ಮಣ್ಣಿನ ಗೊಂಬೆ ಅಂತೀಯ?" ಎಂದು ಗೆಂಗ್ ಅಷ್ಟರಲ್ಲೂ ರೇಗಿದ.

ಅಲ್ಲಿಯವರೆಗೆ ಒಬ್ಬರಿಗೂ ಪೊಲೀಸರ ನೆನಪಾಗಿರಲಿಲ್ಲ. ಈಗ ಪೆಟ್ಟು ಗುರುತಿನವರಿಗೆ ಬೀಳುತ್ತಿತ್ತಲ್ಲ, ಎಲ್ಲರೂ ಒಟ್ಟಿಗೇ ಫೋನು ಮಾಡಿದರು. ಗಾಡಿ ಚಹಾ ಆರುವುದರೊಳಗೆ ಬಂತು.

ಠಾಣೆಯಲ್ಲಿ ನಮ್ಮ ಹೇಳಿಕೆ ತೆಗೆದುಕೊಂಡವನು ಎಳೆಯ ಮುಖದ ಅಧಿಕಾರಿ. ಎಲ್ಲರ ಫೋನಿನ ಚಿತ್ರಗಳನ್ನೂ ಕೂತು ನೋಡಿದ. ನೋಡುತ್ತಾ ನೋಡುತ್ತಾ ಅವನ ಹುಬ್ಬು ಮೇಲೇರಿತು.

"ಈ ಕನ್ನಡಕದವನು ಹೊಡೆಸಿಕೊಂಡವನಲ್ವಾ?" ಎಂದ. "ಹೊಡೆದವನ ಜೊತೆ ಸೇರಿ ನಿಮ್ಮ ಮೇಲೆ ಯಾಕೆ ಬಂದ?"

ಪಾಂಗ್ ಕಚ್ಚಿಸಿಕೊಂಡ ಕೈಗೆ ಕರವಸ್ತ್ರ ಸುತ್ತಿಕೊಂಡು ಮುಂದೆ ಬಂದ. "ಗ್ಯಾಂಗು ಸಾರ್. ಮೊದಲು ತಾವು ತಾವೇ ಹೊಡೆದಾಡ್ಕೊಂಡು ಜನ ಸೇರಿಸ್ತಾರೆ. ಸೇರಿದ ಮೇಲೆ ಜನರ ಮೇಲೆ ಬೀಳ್ತಾರೆ. ನನ್ನ ಷಡ್ಡಕನ ಪಕ್ಕದ ಮನೆಯವನಿಗೂ ಹೀಗೇ ಆಗಿತ್ತು."

ಉಳಿದವರು ಹೌದು ಹೌದು ಎಂದರು. ತಾವು ಸುಮ್ಮನೆ ನಿಂತಿದ್ದೆವು ಎಂದರು. ಸುಮ್ಮನೆ ನಿಂತವರಿಗೆ ಈ ದೇಶದಲ್ಲಿ ರಕ್ಷಣೆಯೇ ಇಲ್ಲ ಎಂದು ಒಬ್ಬ ಕಣ್ಣೊರೆಸಿಕೊಂಡ. ಅವರು ಸುಳ್ಳು ಹೇಳುತ್ತಿರಲಿಲ್ಲ, ಅದನ್ನೂ ಹೇಳಿಬಿಡುತ್ತೇನೆ. ದಾರಿಯಲ್ಲಿ ಬರುವಷ್ಟರಲ್ಲಿ ಅದನ್ನು ನಂಬಿಬಿಟ್ಟಿದ್ದರು.

ಚ್ವೇ ಬೆಂಚಿನ ಮೇಲೆ ತಲೆತಗ್ಗಿಸಿ ಕೂತಿದ್ದ. ಅವನ ಪಕ್ಕದಲ್ಲಿ ಫಾನ್ ಬಾಯಿಗೆ ಹತ್ತಿ ಇಟ್ಟುಕೊಂಡು ಅಧಿಕಾರಿಯನ್ನು, ನಮ್ಮನ್ನು, ಮತ್ತೆ ಅಧಿಕಾರಿಯನ್ನು ನೋಡುತ್ತಿದ್ದ. ತಾನು ಏಕೆ ಅಪರಾಧಿಯ ಬೆಂಚಿನಲ್ಲಿದ್ದೇನೆಂದು ಅವನಿಗೆ ಇನ್ನೂ ತಿಳಿದಿರಲಿಲ್ಲ. ಇವರೆಲ್ಲರ ಹೇಳಿಕೆಯ ಕೆಳಗೆ ನನ್ನದೂ ಸೇರಿದರೆ ಇಬ್ಬರನ್ನೂ ಒಳಗೆ ಹಾಕುವುದು ಖಂಡಿತವಿತ್ತು. ಅಧಿಕಾರಿ ನನ್ನ ಕಡೆ ತಿರುಗಿದ.

"ಅಕ್ಕ, ನಿಮಗೇ ಹೆಚ್ಚು ಪೆಟ್ಟಾಗಿರೋದು. ನಿಮ್ಮ ಮೇಲೆ ಕೈ ಮಾಡಿದವರು ಈ ಇಬ್ಬರೇನಾ?"

ಗೆಂಗ್ ನನ್ನ ಮೊಣಕೈ ತಿವಿದ. "ಹೂಂ ಅನ್ನು. ಮನೆಗೆ ಹೋಗೋಣ. ಅನ್ನಕ್ಕಿಡಬೇಕು."

ನಾನು ಅವನ ಮುಖ ನೋಡಿದೆ. ಕೆಟ್ಟ ಮನುಷ್ಯನಲ್ಲ. ಮೀನು ಬೇಯಿಸಿದ ದಿನ ಮುಳ್ಳು ತೆಗೆದು ನನ್ನ ಬಟ್ಟಲಿಗೆ ಹಾಕುತ್ತಾನೆ. ಚಳಿಗಾಲದಲ್ಲಿ ನನ್ನ ಚಪ್ಪಲಿಯನ್ನು ಒಲೆಯ ಹತ್ತಿರ ಇಟ್ಟು ಬೆಚ್ಚಗೆ ಮಾಡುತ್ತಾನೆ. ನನ್ನ ಮೇಲಿನ ಪ್ರೀತಿಗೇ ನನ್ನನ್ನು ಹಿಡಿದುಕೊಂಡಿದ್ದ. ಆ ಪ್ರೀತಿಗೆ ಒಬ್ಬ ಮನುಷ್ಯನ ತಲೆ ಕಬ್ಬಿಣದ ಗೂಟಕ್ಕೆ ಬಡಿದಿದ್ದರೂ ಸರಿ ಎಂದುಕೊಂಡಿದ್ದ. ನನಗೆ ಅವನ ಮೇಲೆ ಕೋಪವೂ ಬಂತು, ಅಳುವೂ ಬಂತು.

ಎರಡೂ ತೋಳು ಮೇಲಕ್ಕೆ ಸರಿಸಿ ಕೈಗಳನ್ನು ಮೇಜಿನ ಮೇಲಿಟ್ಟೆ. ವಯಸ್ಸಾದ ಚರ್ಮ ಬೇಗ ನೀಲಿಗಟ್ಟುತ್ತದೆ. ಮುಂಗೈಯಿಂದ ಭುಜದವರೆಗೆ ಬೆರಳುಗಳು ಎದ್ದಿದ್ದವು. ಇದು ಹೆಬ್ಬೆರಳು, ಇದು ಉಂಗುರದ ಬೆರಳು ಎಂದು ಹೇಳಬಹುದಾದಷ್ಟು ಸ್ಪಷ್ಟವಾಗಿ.

"ಈ ದಡೂತಿ ಆ ಪಾಪದವನನ್ನ ಹೊಡೆದ. ಅದು ನಿಜ, ಅದಕ್ಕೆ ಅವನನ್ನ ಇಟ್ಕೊಳ್ಳಿ," ಎಂದೆ. "ನನ್ನ ಮೇಲೆ ಕೈ ಮಾಡಿದವರು ಇವರು. ಇವನು ಬಲಗೈ. ಅವನು ಸೊಂಟ. ಕೊರಳುವಸ್ತ್ರ ಬಿಗಿದವನು ಆ ಮೂಲೆಯವನು." ಗೆಂಗ್‌ನ ಕಡೆಗೂ ಬೆರಳು ಮಾಡಿದೆ. "ಬಾಯಿ ಮುಚ್ಚಿದವನು ಇವನು. ನನ್ನ ಗಂಡ."

ಅಧಿಕಾರಿ ಪೆನ್ನು ಕೆಳಗಿಟ್ಟು ಮತ್ತೆ ತೆಗೆದುಕೊಂಡ.

"ಹಾಗಾದ್ರೆ ಈ ಇಬ್ಬರು?"

"ಬಿಡಿಸೋಕೆ ಬಂದವರು. ಅಷ್ಟು ಜನರಲ್ಲಿ ಬಿಡಿಸೋಕೆ ಅಂತ ಬಂದಿದ್ದು ಅವರಿಬ್ಬರೇ."

"ಇವಳಿಗೆ ತಲೆಗೆ ಪೆಟ್ಟು ಬಿದ್ದಿದೆ ಸಾರ್," ಎಂದ ಪಾಂಗ್.

"ಯಾರಿಂದ ಬಿತ್ತು?" ಎಂದು ಅಧಿಕಾರಿ ಕೇಳಿದ.

ಚ್ವೇ ಬೆಂಚಿನಿಂದ ಎದ್ದು ನಿಂತು, ತಾನು ಹೊಡೆದದ್ದು ಹೌದು, ಮೊದಲ ಏಟಿಗೇ ಯಾರಾದರೂ ಹಿಡಿಯುತ್ತಾರೆ ಅಂದುಕೊಂಡಿದ್ದೆ ಎಂದ. ಹೇಳುತ್ತಾ ಹೇಳುತ್ತಾ ಅಷ್ಟು ದೊಡ್ಡ ಮನುಷ್ಯ ಮಗುವಿನಂತೆ ಬಿಕ್ಕಿದ. ಫಾನ್ ತನ್ನ ಹತ್ತಿಯಲ್ಲಿ ಒಂದು ತುಂಡು ಕಿತ್ತು ಅವನಿಗೆ ಕೊಟ್ಟ. ಹಲ್ಲಿನ ವಿಷಯ ಕೇಳಿದಾಗ, ಒಂದು ಬಿದ್ದಿದೆ, ಆದರೆ ಕೀಳಿಸಬೇಕಾಗಿದ್ದದ್ದು ಇದಲ್ಲ, ಪಕ್ಕದ್ದು ಎಂದ. ಚ್ವೇ ಅಲ್ಲೇ ಉಳಿದ. ಒಬ್ಬ ಪೊಲೀಸಿನವನು ಫಾನ್‌ನನ್ನು ಹಲ್ಲಿನ ಆಸ್ಪತ್ರೆಗೆ ಕರೆದುಕೊಂಡು ಹೋದ. ಹೊರಡುವಾಗ ಫಾನ್ ನನ್ನ ಮುಂದೆ ಬಂದು, "ಅಜ್ಜಿ, ಒಬ್ಬರೇ ಮನೆಗೆ ಹೋಗ್ಬೇಡಿ, ಜೊತೆಗೆ ಯಾರನ್ನಾದ್ರೂ ಕರ್ಕೊಳ್ಳಿ," ಎಂದ. ಗೆಂಗ್ ಪಕ್ಕದಲ್ಲೇ ನಿಂತಿದ್ದ. ಅವನನ್ನು ಬಿಟ್ಟು ಬೇರೆ ಯಾರನ್ನಾದರೂ ಎಂದೇ ಫಾನ್‌ನ ಮಾತಿನ ಅರ್ಥ.

ನಮ್ಮವರನ್ನೆಲ್ಲ ಅಧಿಕಾರಿ ಸಂಜೆಯವರೆಗೆ ಕೂರಿಸಿ ಬುದ್ಧಿ ಹೇಳಿದ. ಅವನು ಮೊಮ್ಮಗನ ವಯಸ್ಸಿನವನೆಂದು ಅವರಿಗೆ ಬಹಳ ಅವಮಾನವಾಯಿತು.

ಮನೆಗೆ ನಡೆದುಕೊಂಡೇ ಹೊರಟೆವು. ಅರ್ಧ ದಾರಿ ಗೆಂಗ್ ಮುಖ ಗಂಟು ಹಾಕಿಕೊಂಡು ಮುಂದೆ ಮುಂದೆ ಹೋದ. ಆಮೇಲೆ ನಿಂತ.

"ಕಟ್ಕೊಂಡ ಗಂಡನ್ನ ಪೊಲೀಸರಿಗೆ ಬೆರಳು ಮಾಡಿ ತೋರಿಸಿದ್ಯಲ್ಲ."

"ತೋರಿಸ್ದೆ."

"ನಿನ್ನ ಜೀವ ಉಳೀಲಿ ಅಂತ ಹಿಡ್ಕೊಂಡೆ. ಬೇರೆ ಯಾಕೆ?"

"ಗೊತ್ತು."

"ಅವನು ಯಾರೋ, ಏನೋ. ಅವನಿಗೆ ನೀನೇನಾಗ್ಬೇಕು?"

"ಏನೂ ಆಗ್ಬೇಕಿಲ್ಲ. ನನಗೂ ಅವನು ಏನೂ ಆಗ್ಬೇಕಿರಲಿಲ್ಲ. ಬಂದ."

ಗೆಂಗ್ ಸ್ವಲ್ಪ ದೂರ ನಡೆದು ಮತ್ತೆ ನಿಂತ. "ಅಲ್ಲಿ ಬಿದ್ದಿದ್ದೋನು ನಾನಾಗಿದ್ರೆ ಆ ಮಾತು ಬೇರೆ."

"ಹೇಗೆ ಬೇರೆ?"

"ನೀನು ಓಡಿ ಬರ್ತಿದ್ದೆ."

"ಬರ್ತಿದ್ದೆ," ಎಂದೆ. "ಪಾಂಗ್ ಬಲಗೈ ಹಿಡೀತಿದ್ದ. ಅವನು ಸೊಂಟಕ್ಕೆ ಬೀಳ್ತಿದ್ದ, ಇವನು ಕೊರಳುವಸ್ತ್ರ ಎಳೀತಿದ್ದ. ಎದೆ ಮೇಲೆ ಬೆರಳು ಹೆಣೆಯೋಕೆ ನೀನು ಇರ್ತಿರಲಿಲ್ಲ, ಅಷ್ಟೇ. ಅದಕ್ಕೆ ಬೇರೆ ಯಾರಾದ್ರೂ ಸಿಗ್ತಿದ್ರು. ಎಲ್ಲರಿಗೂ ನನ್ನ ಮೇಲೆ ಬಹಳ ಪ್ರೀತಿ."

 

ಸೇತುವೆಯ ಕೆಳಗೆ ಪಾಂಗ್ ನಮಗಿಂತ ಮೊದಲೇ ಬಂದು, ನೆಲಕ್ಕೆ ಬಿದ್ದಿದ್ದ ಕಾಯಿಗಳನ್ನು ಆರಿಸಿ ಮೇಜಿನ ಮೇಲೆ ಜೋಡಿಸುತ್ತಿದ್ದ. ಸೀಸೆಯ ಮುಚ್ಚಳವನ್ನು ರಥದ ಮನೆಯಲ್ಲಿ ಇಟ್ಟ. ಉಳಿದವರೂ ಸೇರಿದ್ದರು. ಚ್ವೇಯ ಬಕೆಟ್ಟು ಮೆಟ್ಟಿಲ ಮೇಲೆ ಇನ್ನೂ ಹಾಗೇ ಇತ್ತು, ಅದನ್ನು ಯಾರೂ ಮುಟ್ಟಿರಲಿಲ್ಲ.

"ಗೆಂಗ್, ಆದದ್ದಾಯ್ತು, ಬಾ ಒಂದಾಟ," ಎಂದು ಪಾಂಗ್ ಕರೆದ.

ಗೆಂಗ್ ಮೇಜಿನ ಹತ್ತಿರ ಹೋಗಿ ನಿಂತ. ಕಾಯಿಗಳನ್ನು ನೋಡಲಿಲ್ಲ. ಮೇಜಿನ ಸುತ್ತ ನಿಂತವರ ಕೈಗಳನ್ನು ಒಂದೊಂದಾಗಿ ನೋಡಿದ. ಬೀಜ ಸುಲಿಯುವ ಕೈ, ಸಿಗರೇಟು ಹಿಡಿದ ಕೈ, ಜೇಬಿನೊಳಗಿನ ಕೈ. ಆಮೇಲೆ ಮೆಟ್ಟಿಲಿಳಿದು ಹೋಗಿ, ಚ್ವೇಯ ಬಕೆಟ್ಟನ್ನು ಎತ್ತಿ, ಆ ಒಂದು ಮೀನನ್ನು ನದಿಗೆ ಬಿಟ್ಟು ಬಂದ.

ರಸ್ತೆ ದಾಟುವ ಜಾಗದಲ್ಲಿ ಎಂದಿನಂತೆ ನನ್ನ ತೋಳು ಹಿಡಿಯಲು ಕೈ ಚಾಚಿದವನು ನೀಲಿಗಟ್ಟಿದ್ದನ್ನು ನೋಡಿ ಕೈ ಹಿಂದಕ್ಕೆ ತೆಗೆದುಕೊಂಡ. ನಾನು ದಾಟಿದೆ. ಅವನು ಪಕ್ಕದಲ್ಲಿ ಬಂದ.